ಎಡಗಡೆ ಹಿಂದಿನ ಸೀಟು

ಆ ಕಾರು ನನ್ನ ಶೆಡ್ಡಿಗೆ ಬಂದಾಗ ಅದರೊಳಗೆ ಇದ್ದದ್ದು ಒಂದೇ ಸೀಟು, ಡ್ರೈವರ್ ಸೀಟು. ಉಳಿದ ಕಡೆಯೆಲ್ಲ ಬರೀ ಕಾರ್ಪೆಟ್ಟು. ಬಾಗಿಲು ತೆಗೆದ ಕೂಡಲೇ ಹೊಸ ಪೇಂಟಿನ ವಾಸನೆಯ ಜೊತೆ ಫಿನಾಯಿಲಿನ ಘಾಟು ಮೂಗಿಗೆ ಬಡಿಯಿತು.

"ಹಿಂದಿನ ಸೀಟೇನಾಯ್ತು?" ಅಂತ ಕೇಳಿದೆ.

"ಇಲಿ ಕಡಿದಾಕಿತ್ತು ಅಕ್ಕಾ. ಬಿಸಾಕ್ಬಿಟ್ಟೆ."

"ಮುಂದಿನ ಎಡಗಡೇದು?"

"ಅದೂನೂ."

ಡ್ರೈವರ್ ಸೀಟಿನ ಮೇಲೆ ಇಲಿಯ ಹಲ್ಲಿನ ಗುರುತು ಒಂದೂ ಇರಲಿಲ್ಲ. ಹಳೇ ಕಾರುಗಳ ವಿಷಯದಲ್ಲಿ ಜನ ಏನೇನೋ ಹೇಳುತ್ತಾರೆ, ಎಲ್ಲವನ್ನೂ ಕೆದಕುತ್ತಾ ಕೂತರೆ ಕೆಲಸ ಸಾಗುವುದಿಲ್ಲ. 

ಕೋಲಾರದಲ್ಲಿ ಶ್ರೀನಿವಾಸಪುರದ ರಸ್ತೆಗೆ ಅಂಟಿಕೊಂಡಂತೆ ನನ್ನ ಶೆಡ್ಡಿದೆ. ಸೀಟು ಹೊಲಿಯುವುದು, ಹಳೇ ಗಾಡಿಗಳಿಗೆ ಬೇರೆ ಸೀಟು ಕೂರಿಸುವುದು, ಬೆಲ್ಟ್ ಇಲ್ಲದ ಕಡೆ ಬೆಲ್ಟ್ ಹಾಕುವುದು ನನ್ನ ಕೆಲಸ. ಪಕ್ಕದ ಶೆಡ್ಡಿನ ವೆಲ್ಡರ್ ಮುಳಬಾಗಿಲು ಕಡೆಯವನು. ತಲೆಬಿಸಿಯಾದರೆ ತೆಲುಗಿಗೆ ತಿರುಗುತ್ತಾನೆ. ಕಬ್ಬಿಣದ ಕೆಲಸವೆಲ್ಲ ಅವನದು, ಬಟ್ಟೆ ಮತ್ತು ಫೋಮು ನನ್ನದು, ಬೋಲ್ಟು ಇಬ್ಬರದೂ.

ಕಾರು ತಂದವರು ಮಾಲೂರಿನ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಊರು ಹೋಳೂರಿನ ಪಕ್ಕದ ಹಳ್ಳಿ, ಮನೆಯಲ್ಲಿ ಹಿಪ್ಪುನೇರಳೆ, ರೇಷ್ಮೆ ಸಾಕಾಣಿಕೆ. ಮಾತು ಕಡಿಮೆ. ಆದರೆ ಏನು ಬೇಕು ಅನ್ನುವುದನ್ನು ಬಾಯಿಪಾಠ ಮಾಡಿಕೊಂಡು ಬಂದವರ ಹಾಗೆ ಹೇಳಿದರು. ಐದೂ ಸೀಟು ಬದಲಾಗಬೇಕು. ಎಲ್ಲದಕ್ಕೂ ತಲೆಯಾನಿಕೆ ಇರಬೇಕು. ಹಿಂದೆ ಕೂರುವ ಮೂವರಿಗೂ ಹೆಗಲ ಮೇಲಿಂದ ಬರುವ ಬೆಲ್ಟ್ ಬೇಕು, ನಡುವಿನವರಿಗೂ. ಬೆಲ್ಟ್ ಹಾಕದಿದ್ದರೆ ಅಲಾರಂ ಕೂಗಬೇಕು.

"ಏರ್‌ಬ್ಯಾಗೂ ಹಾಕ್ತೀರಾ?"

"ಇಲ್ಲ. ಅದು ತಂದು ಸಿಕ್ಕಿಸೋ ಸಾಮಾನಲ್ಲ. ಎಷ್ಟು ಜೋರು ಪೆಟ್ಟು ಬಿದ್ರೆ, ಯಾವಾಗ ಬಿಚ್ಚಬೇಕು ಅಂತ ಕಾರು ಮಾಡುವಾಗಲೇ ಲೆಕ್ಕ ಹಾಕಿರ್ತಾರೆ. ಇದಕ್ಕೆ ಹಾಕಿದ್ರೆ ಯಾವಾಗ ಬಿಚ್ಚುತ್ತೋ ಯಾರಿಗೂ ಗೊತ್ತಾಗಲ್ಲ."

"ಹಂಗಾದ್ರೆ ಬೆಲ್ಟು ಗಟ್ಟಿಯಾಗಿರ್ಲಿ," ಅಂದರು. ಆಮೇಲೆ ಬಗ್ಗಿ ಒಳಗೆ ನೋಡುತ್ತಾ, "ಎಡಗಡೆ ಹಿಂದಿಂದು ಇನ್ನೂ ಗಟ್ಟಿ" ಅಂತ ಸೇರಿಸಿದರು.

ಹಿಂದೆ ಯಾರು ಕೂರುತ್ತಾರೆ ಅಂತ ಕೇಳಿದೆ. ತಮ್ಮನ ಹೆಂಡತಿ ಮತ್ತು ಅವರ ಇಬ್ಬರು ಹೆಣ್ಣುಮಕ್ಕಳು. ಮಕ್ಕಳಿಗೆ ಬೆಲ್ಟ್ ಕತ್ತಿಗೆ ತಾಗಬಾರದು, ಹೆಗಲ ಮೇಲೇ ಹಾಯಬೇಕು, ಚಿಕ್ಕವಳಿಗೆ ಎತ್ತರದ ಕುಶನ್ ಬೇಕಾಗಬಹುದು, ಒಮ್ಮೆ ಕರೆದುಕೊಂಡು ಬನ್ನಿ ಅಂದೆ. ಅವರ ಮುಖ ಗಡಸಾಯಿತು.

"ಬೇಡ. ಗಾಡಿ ಪೂರ್ತಿ ರೆಡಿ ಆಗೋವರ್ಗೂ ಮನೆಯವ್ರು ನೋಡೋದ್ ಬೇಡ."

ಮಾರನೆಯ ದಿನ ಎರಡು ದಾರ ತಂದು ಕೊಟ್ಟರು. ಮಕ್ಕಳನ್ನು ಗೋಡೆಗೆ ಒರಗಿಸಿ ಕೂರಿಸಿ, ಸೊಂಟದಿಂದ ತಲೆವರೆಗೆ ಅಳೆದು, ಹೆಗಲ ಎತ್ತರಕ್ಕೆ ಗಂಟು ಹಾಕಿದ್ದರು.

ಮುಳಬಾಗಿಲಿನ ಗುಜರಿಯಿಂದ ಸೀಟುಗಳೂ ಬಂದವು. ಅದೇ ಜಾತಿಯ ಕಾರಿನ ಇತ್ತೀಚಿನ ಮಾದರಿಯವು. ಮುಂದಿನ ಎರಡರ ಅಡಿಯಲ್ಲಿ ಹಳದಿ ಕನೆಕ್ಟರ್ ಕಂಡ ಕೂಡಲೇ ವಾಪಸ್ ಕಳಿಸಿದೆ. ಅಂಥ ಸೀಟಿನ ಪಕ್ಕೆಯಲ್ಲಿ ಸಿಡಿಯದ ಏರ್‌ಬ್ಯಾಗ್ ಮಡಚಿಟ್ಟಿರುತ್ತದೆ, ಸೂಜಿ ಹಿಡಿದು ಅದರ ಮೇಲೆ ಬಗ್ಗಲು ನನಗೆ ಧೈರ್ಯವಿಲ್ಲ. ಬದಲಿಗೆ ಬಂದ ಸೀಟುಗಳ ಕಾಲುಗಳು ಈ ಕಾರಿನ ನೆಲದ ತೂತುಗಳಿಗೆ ಹೊಂದಲಿಲ್ಲ. ವೆಲ್ಡರ್ ದಪ್ಪ ಪಟ್ಟಿ ಕತ್ತರಿಸಿ ಬ್ರಾಕೆಟ್ ಮಾಡಿದ. ಬೆಲ್ಟುಗಳನ್ನು ಮಾತ್ರ ಹೊಸದಾಗಿ ತರಿಸಿದೆ. ಗುಜರಿಯ ಬೆಲ್ಟನ್ನು ನಾನು ಮುಟ್ಟುವುದಿಲ್ಲ, ಒಮ್ಮೆ ಒಂದು ಮೈಯ ಭಾರ ತಡೆದ ಪಟ್ಟಿ ಇನ್ನೊಂದು ಸಲ ತಡೆಯುತ್ತದೆ ಅನ್ನುವ ಭರವಸೆ ಇಲ್ಲ.

ಕೆಲಸ ಶುರುವಾದದ್ದು ಬಲಗಡೆಯಿಂದ. ಈ ಮಾದರಿಯ ಕಾರಿಗೆ ಕಂಪನಿಯವರು ಹಿಂದೆ ಬೆಲ್ಟ್ ಕೊಟ್ಟಿರಲಿಲ್ಲ, ಆದರೆ ಅದಕ್ಕೆ ಜಾಗ ಬಿಟ್ಟಿದ್ದರು. ಹಿಂದಿನ ಬಾಗಿಲಿನ ಪಕ್ಕ ಚಾವಣಿ ಹೊತ್ತ ಕಂಬದ ಪ್ಲಾಸ್ಟಿಕ್ ಮುಚ್ಚಳ ಎಬ್ಬಿಸಿದರೆ ಒಳಗೆ ದಪ್ಪ ತಗಡು ಬೆಸೆದು ಬೋಲ್ಟಿಗೆ ಥ್ರೆಡ್ ಕೊರೆದ ತೂತು ಇರುತ್ತದೆ. ಬಲಗಡೆ ಇತ್ತು. ಬೋಲ್ಟು ಬೆರಳಲ್ಲಿ ತಿರುಗಿಸಿದರೆ ಸಲೀಸಾಗಿ ಒಳಗೆ ಹೋಯಿತು.

ಎಡಗಡೆ ಮುಚ್ಚಳ ಎಬ್ಬಿಸಿದೆ. ತೂತು ಇರಲಿಲ್ಲ. ಬರೀ ನುಣ್ಣನೆಯ ಬಿಳಿ ಮೈ.

ಬಟ್ಟೆ ಸುತ್ತಿದ ಆಯಸ್ಕಾಂತವೊಂದು ನನ್ನ ಹತ್ತಿರ ಯಾವಾಗಲೂ ಇರುತ್ತದೆ, ಹಳೇ ಸ್ಪೀಕರಿನದು. ತಗಡಿನ ಮೇಲಿಟ್ಟರೆ ಕಚ್ಚಿಕೊಳ್ಳಬೇಕು. ಕಂಬದ ಮೇಲಿಟ್ಟೆ. ಕಚ್ಚಲಿಲ್ಲ, ಜಾರಿ ಅಂಗೈಗೆ ಬಿತ್ತು. ಸ್ವಲ್ಪ ಕೆಳಗಿಟ್ಟೆ, ಅಲ್ಲೂ ಬಿತ್ತು. ಬಾಗಿಲ ಹೊಸ್ತಿಲವರೆಗೂ ಹಾಗೇ. ವೆಲ್ಡರ್ ಬಂದು ಸುತ್ತಿಗೆಯ ಹಿಡಿಯಿಂದ ಕುಟ್ಟಿದ. ಬಲಗಡೆ ಟಣ್ ಅಂದದ್ದು ಎಡಗಡೆ ಒದ್ದೆ ಗೋಡೆಯ ಹಾಗೆ ದಬ್ ಅಂದಿತು.

"ಎಲ್ಲಾ ಪುಟ್ಟಿ ಮೆತ್ತಿದಾರೆ ಅಕ್ಕಾ. ತಗಡು ಎಲ್ಲೋ ಆಳದಾಗೆ ಅದೆ."

ಕಾರ್ಪೆಟ್ಟು ಎತ್ತಿದೆವು. ಅದರ ತಳ ಆ ಮೂಲೆಯಲ್ಲಿ ಇನ್ನೂ ತೇವವಾಗಿತ್ತು. ಎಷ್ಟೋ ಸಲ ತೊಳೆದಿರಬೇಕು. ನೆಲದ ಅಡ್ಡಕ್ಕೆ ಒಂದು ಬೆಸುಗೆಯ ಗೆರೆ, ಅದರ ಮೇಲೆ ಕಪ್ಪು ಡಾಂಬರಿನ ಲೇಪ. ಸೀಟು ಜಾರುವ ಹಳಿಯ ಸಂದಿಯಲ್ಲಿ ಕಲ್ಲುಸಕ್ಕರೆಯ ಹಾಗೆ ಗಾಜಿನ ಹರಳುಗಳು. ನಾನು ಕಸ ಹೀರುವ ಮೆಷಿನ್ ಇಟ್ಟು ಎಳೆದೆ. ಹರಳುಗಳು ಟಿಕಟಿಕನೆ ಪೈಪಿನೊಳಗೆ ಹೋಗುತ್ತಲೇ ಇದ್ದವು.

ಸಂಜೆ ಪಾಳಿ ಮುಗಿಸಿ ಬಂದ ಸೂಪರ್‌ವೈಸರಿಗೆ ತೋರಿಸಿದೆ. ಅವರು ಮೂಲೆ ನೋಡಲೇ ಇಲ್ಲ.

"ಹಳೇ ಗಾಡಿ ಅಕ್ಕಾ. ಒಂದೆರಡು ಪೆಟ್ಟು ಬಿದ್ದಿರ್ತವೆ."

"ಇದು ಒಂದೆರಡು ಪೆಟ್ಟಲ್ಲ. ಈ ಕಡೆ ಪೂರ್ತಿ ಕುಯ್ದು ಜೋಡ್ಸಿದಾರೆ. ಯಾರ ಹತ್ರ ತಗೊಂಡ್ರಿ?"

"ಗಡಿ ಆಚೆ ಒಬ್ರ ಹತ್ರ. ನೀವು ಪ್ಲೇಟ್ ಹಾಕಿ ಬಲ ಮಾಡಿ. ಆಗಲ್ವಾ?"

ಪ್ರಯತ್ನಿಸಿ ನೋಡೋಣ ಅಂದೆ. ಪುಟ್ಟಿ ಕೆರೆದು, ಸಿಕ್ಕ ತಗಡಿಗೆ ಹಿಂದಿನಿಂದ ದಪ್ಪ ಪ್ಲೇಟು ಬೆಸೆದು, ಅದಕ್ಕೆ ಬೋಲ್ಟು ಕೂರಿಸುವುದು. ಆಮೇಲೆ ಎಳೆದು ಪರೀಕ್ಷೆ ಮಾಡುವುದು. ಪರೀಕ್ಷೆ ಮಾಡದೆ ಕೊಡುವುದಿಲ್ಲ ಅನ್ನುವುದನ್ನು ಮೊದಲೇ ಹೇಳಿದೆ. ಅವರಿಗೆ ಅದು ಇಷ್ಟವಾಯಿತು.

ಅಲ್ಲಿಂದ ಮುಂದೆ ಅವರು ದಿನಾ ಬರತೊಡಗಿದರು. ಮಾಲೂರಿನಿಂದ ನೇರ ಶೆಡ್ಡಿಗೆ. ಬಾಗಿಲ ಬಳಿ ಸ್ಟೂಲು ಎಳೆದುಕೊಂಡು ಕೂರುವರು, ಚಹಾ ಕೊಟ್ಟರೆ ಆರುವವರೆಗೂ ಕೈಯಲ್ಲೇ ಹಿಡಿದಿರುವರು. ಕೇಳುತ್ತಿದ್ದ ಪ್ರಶ್ನೆಗಳು ಒಂದೇ ಬಗೆಯವು. ನಿದ್ದೆ ಮಾಡ್ತಿದ್ದವ್ರನ್ನೂ ಬೆಲ್ಟು ಹಿಡಿಯುತ್ತಾ? ಓರೆಯಾಗಿ ಮಲಗಿದ್ರೆ? ಗಾಡಿ ಎಡಕ್ಕೆ ಗುದ್ದಿದ್ರೆ ತಲೆ ಎಲ್ಲಿಗೆ ಹೋಗುತ್ತೆ? ನಾನು ಗೊತ್ತಿದ್ದಷ್ಟು ಹೇಳುತ್ತಿದ್ದೆ. ಹೇಳುವಾಗ ಅವರು ನನ್ನನ್ನಲ್ಲ, ಕಾರಿನ ಹಿಂದಿನ ಕಿಟಕಿಯನ್ನು ನೋಡುತ್ತಿದ್ದರು.

ಹಿಂದಿನ ಸೀಟನ್ನು ಅಳತೆಗೆಂದು ಒಮ್ಮೆ ಸುಮ್ಮನೆ ಇಟ್ಟು ನೋಡಿದ ದಿನ ಅವರು ಎದ್ದು ಹತ್ತಿರ ಬಂದರು.

"ಅಕ್ಕಾ, ಆ ಎಡಗಡೆ ಮೂಲೇಲಿ ಒಂದ್ಸಲ ಕೂತ್ಕೊಳ್ಳಿ."

"ಯಾಕೆ?"

"ಸುಮ್ನೆ. ಕಣ್ ಮುಚ್ಕೊಂಡು, ತಲೆ ಬಾಗ್ಲಿಗೆ ಒರಗಿಸ್ಕೊಳ್ಳಿ. ಹೆಂಗಿರುತ್ತೆ ನೋಡ್ಬೇಕು."

ನಾನು ಕೂರಲಿಲ್ಲ. ಕೈ ತುಂಬ ಗೋಂದು ಅಂತ ಏನೋ ಹೇಳಿ ತಪ್ಪಿಸಿಕೊಂಡೆ. ಅವರು ಹೋದ ಮೇಲೆ ವೆಲ್ಡರ್ ಕನ್ನಡಕ ಹಣೆಗೇರಿಸಿ ನನ್ನನ್ನೇ ನೋಡಿದ.

"ಎಂದುಕಕ್ಕಾ ಮನಕಿ? ನಮಗ್ಯಾಕೆ ಇವೆಲ್ಲಾ? ಗಾಡಿ ಆಚೆ ತಳ್ಬಿಡಾನ. ಆ ಮನ್ಸ ಮಾತಾಡಾದು ನಮ್ಮ ಜೊತೆ ಅಲ್ಲ."

"ಎಳೆದು ನೋಡೋಣ. ಆಮೇಲೆ ಹೇಳು."

ಎಳೆಯುವ ದಿನ ಶೆಡ್ಡಿನ ಮುಂದಿನ ಹೊಂಗೆಮರದ ಬುಡಕ್ಕೆ ಚೈನ್ ಪುಲ್ಲಿ ಕಟ್ಟಿದೆವು. ಕಾರಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂಬದಿಯನ್ನು ಕಬ್ಬಿಣದ ಕಂಬಕ್ಕೆ ಬಿಗಿದು, ಮುಂದಿನ ಗಾಜು ತೆಗೆದಿದ್ದ ಜಾಗದಿಂದ ಸರಪಳಿಯನ್ನು ಒಳಗೆ ತಂದು ಬೆಲ್ಟಿನ ಕುಣಿಕೆಗೆ ಕೊಕ್ಕೆ ಹಾಕಿದೆವು. ಮೊದಲು ಬಲಗಡೆ. ವೆಲ್ಡರ್ ಸರಪಳಿ ಎಳೆಯುತ್ತಾ ಹೋದ. ಬೆಲ್ಟು ತಂತಿಯ ಹಾಗೆ ಬಿಗಿಯಾಯಿತು, ಕಾರು ಮುಂದಕ್ಕೆ ಜಗ್ಗಿ ನಿಂತಿತು. ಕಾರಿನ ಕಂಬ ಅಲುಗಲಿಲ್ಲ.

ಆಮೇಲೆ ಎಡಗಡೆ. ಸ್ವಲ್ಪ ಎಳೆಯುವಷ್ಟರಲ್ಲೇ ಒಳಗಿಂದ ಒಂದು ಸದ್ದು ಬಂತು. ಒಣಗಿದ ಬಾಗಿಲು ತೆರೆಯುವಾಗಿನ ಸದ್ದು.

"ನಿಲ್ಲಿಸ್ಲಾ?"

"ಇನ್ನೊಂದು ಸ್ವಲ್ಪ."

ಪೇಂಟು ಸಿಪ್ಪೆಯಾಗಿ ಹಾರಿತು. ಬೋಲ್ಟು ಕಿತ್ತು ಬರಲಿಲ್ಲ, ನಾವು ಹಾಕಿದ ಬೆಸುಗೆಯೂ ಬಿಡಲಿಲ್ಲ. ಇಡೀ ಕಂಬವೇ ನಮ್ಮ ಕಡೆಗೆ ಬಾಗಿತು. ಅದರ ಬುಡದಲ್ಲಿ ನೆಲದ ಬೆಸುಗೆಯ ಗೆರೆ ಬಾಯಿ ಬಿಟ್ಟಿತು, ಬೆರಳು ತೂರುವಷ್ಟು. ವೆಲ್ಡರ್ ಸರಪಳಿ ಸಡಿಲ ಮಾಡಿದ. ನಾನು ಟಾರ್ಚು ಹಿಡಿದು ಬಿರುಕಿನೊಳಗೆ ನೋಡಿದೆ. ಸುಕ್ಕುಗಟ್ಟಿದ ತಗಡು, ಅದರ ಮೇಲೆ ಕಾರಿನ ಮೊದಲ ಬಣ್ಣ. ಕಡು ಮೆರೂನು.

ವೆಲ್ಡರ್ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದವನು ಹಿಂದಕ್ಕೆ ಸರಿದ.

"ಈ ಗಾಡಿ ನಾನ್ ನೋಡಿದೀನಿ," ಅಂದ. "ಹೈವೇ ಪಕ್ಕದಾಗೆ, ಮುಳಬಾಗ್ಲಿಂದ ಬರ್ತಾ. ಎಷ್ಟೋ ದಿನ ಅಲ್ಲೇ ಬಿದ್ದಿತ್ತು. ಎಡಗಡೆ ಏನೂ ಇರ್ಲಿಲ್ಲ ಅಕ್ಕಾ. ಬಸ್ಸಲ್ಲಿ ಬರೋವ್ರೆಲ್ಲಾ ಅದನ್ನ ನೋಡಿ ಕೈ ಮುಗಿತಿದ್ರು."

ಆ ಸಂಜೆ ಸೂಪರ್‌ವೈಸರ್ ಬಂದಾಗ ನಾವು ಬಿರುಕು ಮುಚ್ಚಿರಲಿಲ್ಲ. ಅವರು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತರು. ಬೆರಳಿನಿಂದ ಮೆರೂನು ಬಣ್ಣವನ್ನು ಸವರಿದರು.  ಆಮೇಲೆ ನಾನು ಕೇಳದೆಯೇ ಹೇಳಿದರು.

ಕಾರು ಅವರದೇ. ಓಡಿಸುತ್ತಿದ್ದವರೂ ಅವರೇ. ಮುಳಬಾಗಿಲಿನಲ್ಲಿ ಸಂಬಂಧಿಕರ ಮದುವೆ ಮುಗಿಸಿ ಅಣ್ಣತಮ್ಮ ಇಬ್ಬರೇ ವಾಪಸ್ ಬರುತ್ತಿದ್ದರು. ತಮ್ಮ ಹಿಂದೆ ಎಡಗಡೆ ಕೂತು, ಬಾಗಿಲಿಗೆ ತಲೆಯಾನಿಸಿ ನಿದ್ದೆ ಹೋಗಿದ್ದ. ದೀಪವಿಲ್ಲದೆ ನಿಂತಿದ್ದ ಲಾರಿ ಕಂಡಾಗ ಬಲಕ್ಕೆ ತಿರುಗಿಸಿದರು. ಬಲಗಡೆ ಪಾರಾಯಿತು.

"ನನಗೆ ಬೆಲ್ಟಿತ್ತು. ಅವನಿಗಿರ್ಲಿಲ್ಲ. ಅಷ್ಟೇ ಅಕ್ಕಾ ವ್ಯತ್ಯಾಸ."

ವಿಮೆಯವರು ಕೈಬಿಟ್ಟ ಕಾರನ್ನು ಯಾರಿಗೂ ಹೇಳದೆ ಗಡಿ ದಾಟಿಸಿ, ಗ್ಯಾರೇಜೊಂದರಲ್ಲಿ ಕಟ್ಟಿಸಿ, ಬಿಳಿ ಬಣ್ಣ ಬಳಿಸಿದ್ದರು. ಸೀಟು ಬದಲಾದರೆ ಗುರುತೇ ಸಿಗುವುದಿಲ್ಲ. ಮನೆಯಲ್ಲಿ ಬೇರೆ ಕಾರು ಅಂತ ಹೇಳಿಯಾಗಿದೆ.

"ಅದನ್ನೇ ಯಾಕೆ? ಬೇರೆ ತಗೋಬಹುದಿತ್ತಲ್ಲ?"

"ಬೇರೆ ಗಾಡಿ ಏನೂ ತಪ್ಪು ಮಾಡಿಲ್ಲ. ಇದನ್ನೇ ಸರಿ ಮಾಡ್ಬೇಕು. ಶುಕ್ರವಾರ ಎಲ್ಲಾರ್ನೂ ಕೂರಿಸ್ಕೊಂಡು ಆವನಿ ದೇವಸ್ಥಾನಕ್ಕೆ ಹೋಗಿ, ಪೂಜೆ ಮಾಡಿಸ್ಕೊಂಡು, ಅದೇ ರೋಡಲ್ಲಿ ವಾಪಸ್ ಬರ್ತೀನಿ. ಎಲ್ಲಾರ್ಗೂ ಬೆಲ್ಟ್ ಹಾಕ್ಸಿ. ಏನೂ ಆಗಲ್ಲ. ಆಗ ಮುಗಿಯುತ್ತೆ."

ಅವರ ದನಿಯಲ್ಲಿ ಅಳುವಿರಲಿಲ್ಲ, ಕೋಪವೂ ಇರಲಿಲ್ಲ. ಅದೇ ನನಗೆ ಭಯ ಹುಟ್ಟಿಸಿತು.

"ಬೆಲ್ಟು ಹಿಡಿಯುತ್ತೆ, ಬೋಲ್ಟೂ ಹಿಡಿಯುತ್ತೆ," ಅಂದೆ. "ಅವೆರಡನ್ನೂ ಹಿಡ್ಕೊಳ್ಳೋಕೆ ಅಲ್ಲಿ ಕಾರೇ ಇಲ್ಲ. ಕಣ್ಣಾರೆ ನೋಡಿದ್ರಲ್ಲ. ನಾನಿದಕ್ಕೆ ಸೀಟು ಹಾಕಲ್ಲ."

"ಸೀಟು ಸುಮ್ನೆ ಕೂರ್ಸಿ ಕೊಡಿ. ಮಿಕ್ಕಿದ್ದು ನಾನು ನೋಡ್ಕೊತೀನಿ."

"ಆಗಲ್ಲ."

"ಹಂಗಾದ್ರೆ ಗುರುವಾರ ಬಂದು ಗಾಡಿ ತಗೊಂಡ್ ಹೋಗ್ತೀನಿ. ಮುಳಬಾಗಿಲಲ್ಲಿ ಯಾರಾದ್ರೂ ಹಾಕ್ಕೊಡ್ತಾರೆ."

ಹಾಕಿಕೊಡುವವರು ಇದ್ದೇ ಇರುತ್ತಾರೆ. ಬಿರುಕಿಗೆ ಒಂದು ಗೆರೆ ಬೆಸುಗೆ, ಮೇಲೆ ಪುಟ್ಟಿ, ಒಂದು ಮಧ್ಯಾಹ್ನದ ಕೆಲಸ. ಹೊರಗಿಂದ ನೋಡಿದರೆ ಹೊಚ್ಚಹೊಸ ಬೆಲ್ಟುಗಳ ಅಚ್ಚುಕಟ್ಟಾದ ಕಾರು. ಆ ದಾರಗಳ ಅಳತೆಗೆ ಹೊಲಿದ ಕುಶನ್ ನನ್ನ ಮೇಜಿನ ಮೇಲೇ ಇತ್ತು. ಅದರ ಮೇಲೆ ಕೂರಬೇಕಾದವಳನ್ನು ನಾನು ನೋಡಿಯೂ ಇರಲಿಲ್ಲ. ಗಿರಾಕಿಯ ಮನೆಯ ವಿಷಯ ಮನೆಯವರಿಗೆ ಬಿಡಬೇಕು ಅನ್ನುವುದು ನಾನು ಪಾಲಿಸಿಕೊಂಡು ಬಂದ ನಿಯಮ. ಬೆಳಿಗ್ಗೆ ಎದ್ದಾಗ ಅದನ್ನು ಮುರಿಯುವುದೆಂದು ತೀರ್ಮಾನವಾಗಿತ್ತು. ವೆಲ್ಡರಿಗೆ ಶೆಡ್ಡು ನೋಡಿಕೋ ಅಂತ ಹೇಳಿ ಹೋಳೂರಿನ ಬಸ್ಸು ಹತ್ತಿದೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ತಮ್ಮನ ಹೆಂಡತಿ ರೇಷ್ಮೆ ಹುಳದ ಮನೆಯಲ್ಲಿದ್ದರು. ನನಗಿಂತ ಬಹಳ ಚಿಕ್ಕವರು. ಮಚ್ಚಿನಲ್ಲಿ ಹಿಪ್ಪುನೇರಳೆ ಕೊಂಬೆಗಳನ್ನು ಕಡಿದು ಹುಳಗಳ ಮೇಲೆ ಹಾಸುತ್ತಿದ್ದರು. ಕಾರಿನ ಸೀಟು ಮಾಡುವವಳು ಅಂದಾಗ ಮುಖ ಅರಳಿತು.

"ಮಕ್ಳು ಶುಕ್ರವಾರ ಶುಕ್ರವಾರ ಅಂತ ಒಂದೇ ಸಮ. ನಾನೇ ಹೆದರ್ಕೊಂಡಿದೀನಿ. ಅವತ್ತಿಂದ ಯಾವ್ ಕಾರೂ ಹತ್ತಿಲ್ಲ ನಾನು. ಭಾವ ಎಲ್ಲಾ ಕಡೆ ಬೆಲ್ಟ್ ಹಾಕ್ಸ್ತಿದೀನಿ ಅಂದ್ರು, ಅದಕ್ಕೆ ಹೂಂ ಅಂದೆ. ಬಿಳೀ ಕಾರಲ್ವಾ?"

"ಈಗ ಬಿಳಿ," ಅಂದೆ.

ಮಚ್ಚು ಕೊಂಬೆಯ ಮೇಲೆ ನಿಂತಿತು.

"ಈಗ ಅಂದ್ರೆ?"

ಬೇರೆ ದಾರಿಯಲ್ಲಿ ಹೇಳಲು ನನಗೆ ಬರಲಿಲ್ಲ. ಕಂಬ ಬಾಗಿದ್ದು, ಬಿರುಕು, ಒಳಗಿನ ಬಣ್ಣ, ಎಲ್ಲ ಹೇಳಿದೆ.  ಸುತ್ತ ಹುಳಗಳು ಎಲೆ ತಿನ್ನುವ ಸದ್ದು ಮಾತ್ರ ಒಂದೇ ಸಮ ಕೇಳುತ್ತಿತ್ತು. ನನ್ನ ಮಾತು ಮುಗಿದ ಮೇಲೆ ಅವರು ಉಳಿದ ಕೊಂಬೆಗಳನ್ನೂ ಹಾಸಿ ಮುಗಿಸಿದರು, ತೊಟ್ಟಿಯಲ್ಲಿ ಕೈ ತೊಳೆದರು, ಪಕ್ಕದ ಮನೆಗೆ ಹೋಗಿ ಮಕ್ಕಳು ಸ್ಕೂಲಿಂದ ಬಂದರೆ ನೋಡಿಕೊಳ್ಳಿ ಅಂತ ಹೇಳಿ ಬಂದರು.

"ಬಸ್ ಎಷ್ಟೊತ್ತಿಗದೆ?"

ಶೆಡ್ಡಿಗೆ ಬಂದಾಗ ವೆಲ್ಡರ್ ಆಕೆಯನ್ನು ನೋಡಿ ಕೆಲಸ ನಿಲ್ಲಿಸಿ ಪಕ್ಕಕ್ಕೆ ಸರಿದ. ಆಕೆ ಕಾರಿನ ಸುತ್ತ ಒಂದು ಸುತ್ತು ಬಂದರು. ಎಡಗಡೆ ಹಿಂದಿನ ಬಾಗಿಲನ್ನು ತಾವೇ ತೆಗೆದರು. ಸೀಟಿಲ್ಲದ ಆ ಬರೀ ತಗಡಿನ ಮೇಲೆ, ಬಿರುಕಿನ ಪಕ್ಕ, ಮೊಣಕಾಲು ಮಡಚಿ ಕೂತುಕೊಂಡರು. ನೀರು ಬೇಕಾ ಅಂದರೆ ಬೇಡ ಅಂದರು. ಊಟ ಬೇಡ ಅಂದರು. ಬಿಸಿಲು ಇಳಿಯುವವರೆಗೂ ಅಲ್ಲೇ ಇದ್ದರು. ನಾನು ಬೇರೆ ಗಾಡಿಯ ಸೀಟು ಹೊಲಿಯಲು ಕೂತೆ, ಹೊಲಿದದ್ದನ್ನೇ ಬಿಚ್ಚಿದೆ.

ಸೂಪರ್‌ವೈಸರ್ ಬಂದರು. ಬೈಕು ನಿಲ್ಲಿಸಿ ನನ್ನ ಕಡೆ ನೋಡಿ, ಆಮೇಲೆ ಕಾರಿನ ಕಡೆ ತಿರುಗಿದರು. ಎಡಗಡೆ ಹಿಂದಿನ ಕಿಟಕಿಯಲ್ಲಿ ಯಾರೋ ಬಾಗಿಲಿಗೆ ತಲೆಯಾನಿಸಿಕೊಂಡು ಕೂತಿರುವುದು ಕಂಡಿತು. ಅವರ ಬಾಯಿಂದ ತಮ್ಮನ ಹೆಸರು ಬಂತು.

"ನಾನು, ಭಾವ," ಅಂದರು ಆಕೆ.

ಅವರು ಬೈಕಿನ ಹ್ಯಾಂಡಲ್ ಹಿಡಿದುಕೊಂಡೇ ನಿಂತರು.

"ಬೆಲ್ಟ್ ಇದ್ದಿದ್ರೆ ಅವ್ರು ಉಳೀತಿದ್ರೋ ಏನೋ. ನನಗ್ಗೊತ್ತಿಲ್ಲ. ನೀವು ಬೇಕಂತ ಮಾಡ್ಲಿಲ್ಲ, ಅದು ಗೊತ್ತು. ಒಂದ್ ದಿನಾನೂ ನಿಮ್ಮನ್ನ ಒಂದ್ ಮಾತು ಅಂದಿಲ್ಲ ನಾನು. ಆದ್ರೆ ಇದ್ರೊಳಗೆ ನನ್ ಮಕ್ಳನ್ನ ಕೂರ್ಸೋಕೆ ಹೆಂಗ್ ಮನಸ್ ಬಂತು ಭಾವ? ಅವ್ರಪ್ಪ ಹೋದ ಜಾಗದಲ್ಲಿ?"

"ಸರಿ ಮಾಡೋಣ ಅಂತ ಕಣಮ್ಮಾ." ದನಿ ಕೇಳಿಸದಷ್ಟು ಚಿಕ್ಕದಾಗಿತ್ತು. "ಅಂದಿದ್ರೆ ಚೆನ್ನಾಗಿರ್ತಿತ್ತು. ನೀನು ಏನೂ ಅನ್ಲಿಲ್ಲ. ಯಾರೂ ಏನೂ ಅನ್ಲಿಲ್ಲ."

ಆಕೆ ಕೆಳಗಿಳಿದರು. ಕಾಲು ಜೋಮು ಹಿಡಿದಿತ್ತು, ಬಾಗಿಲು ಹಿಡಿದು ನಿಂತರು.

"ಇದನ್ನ ಕುಯ್ಸಿಬಿಡಿ," ಅಂದರು. "ಇನ್ಯಾರ ಕೈಗೂ ಹೋಗ್ಬಾರ್ದು. ನನ್ ಕಣ್ಮುಂದೆ ಕುಯ್ಸಿ."

ಸೂಪರ್‌ವೈಸರ್ ಜೇಬಿನಿಂದ ಕೀ ತೆಗೆದು ಆಕೆಯ ಕೈಗೆ ಕೊಟ್ಟರು. ಆಕೆ ಅದನ್ನು ನನಗೆ ಕೊಟ್ಟರು.

ಕಾರಿನ ನೋಂದಣಿ ರದ್ದು ಮಾಡಿಸುವ ಕಾಗದಪತ್ರದ ಕೆಲಸಕ್ಕೆ ಸ್ವಲ್ಪ ಸಮಯ ಹಿಡಿಯಿತು. ಅಷ್ಟು ದಿನವೂ ಕಾರು ಟಾರ್ಪಾಲು ಹೊದ್ದು ನಮ್ಮ ಹಿತ್ತಲಲ್ಲಿ ನಿಂತಿತ್ತು. ವೆಲ್ಡರ್ ಆ ಕಡೆ ಹೋಗುವಾಗ ದೂರದಿಂದಲೇ ಸುತ್ತು ಹಾಕುತ್ತಿದ್ದ. ಕುಯ್ಯುವ ದಿನ ಸೂಪರ್‌ವೈಸರೂ ಆಕೆಯೂ ಬಂದರು, ಹೊಂಗೆಮರದ ಕೆಳಗೆ ದೂರ ದೂರ ನಿಂತರು. ಗ್ಯಾಸ್ ಕಟರಿನ ನೀಲಿ ಉರಿ ತಾಗಿದಾಗ ಮೊದಲು ಬಿಳಿ ಸುಟ್ಟಿತು, ಪುಟ್ಟಿ ಕಪ್ಪಗೆ ಹೊಗೆಯಾಡಿತು, ಆಮೇಲೆ ಕೆಂಪು ಗುಳ್ಳೆಗಳಾಗಿ ಮೆರೂನು. ಎಡಗಡೆಯ ಕಂಬ ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ.

ಬೇಸಿಗೆ ಕಳೆದ ಮೇಲೆ ಸೂಪರ್‌ವೈಸರ್ ಬೇರೊಂದು ಹಳೇ ಕಾರು ನೋಡಿ, ಕೊಳ್ಳುವ ಮೊದಲೇ ನನ್ನಲ್ಲಿಗೆ ತಂದರು. ಆಯಸ್ಕಾಂತ ಹಿಡಿದು ಮೂಲೆಮೂಲೆ ನೋಡಿದೆ, ಎಲ್ಲ ಕಡೆ ಕಚ್ಚಿಕೊಂಡಿತು. ಕಂಬಗಳಲ್ಲಿ ಕಂಪನಿಯ ತೂತುಗಳು ಇದ್ದವು. ಸೀಟು ಕೂರಿಸಿ, ಬೆಲ್ಟು ಹಾಕಿ, ಮರಕ್ಕೆ ಕಟ್ಟಿ ಎಳೆದೆವು. ಅಲುಗಲಿಲ್ಲ.

ತೆಗೆದುಕೊಂಡು ಹೋಗಲು ಬಂದ ದಿನ ಸ್ಟೀರಿಂಗ್ ಹಿಡಿದದ್ದು ಅವರ ಊರಿನ ಡ್ರೈವರ್. ದೊಡ್ಡ ಹುಡುಗಿ ಮುಂದೆ ಕೂತಳು, ಚಿಕ್ಕವಳು ಹಿಂದೆ ನಡುವೆ, ಅವಳ ಒಂದು ಪಕ್ಕ ತಾಯಿ. ಇನ್ನೊಂದು ಪಕ್ಕ, ಎಡಗಡೆ ಮೂಲೆಯಲ್ಲಿ, ಸೂಪರ್‌ವೈಸರ್ ಹತ್ತಿ ಕೂತು ಬೆಲ್ಟು ಎಳೆದರು. ಜೋರಾಗಿ ಎಳೆದದ್ದಕ್ಕೆ ಅದು ಲಾಕಾಯಿತು. ಬಿಟ್ಟು ಮತ್ತೆ ಎಳೆದರು. ಮತ್ತೆ ಲಾಕಾಯಿತು.  ನಾನು ಬಗ್ಗುವಷ್ಟರಲ್ಲಿ ಆಕೆ ಮಗಳ ಮೇಲಿಂದ ಕೈ ಚಾಚಿ, ಬೆಲ್ಟನ್ನು ಪೂರ್ತಿ ಒಳಗೆ ಹೋಗಲು ಬಿಟ್ಟು, ನಿಧಾನವಾಗಿ ಎಳೆದು ತಂದು, ಅವರ ಎದೆಯ ಮೇಲೆ ಹಾಯಿಸಿ ಸಿಕ್ಕಿಸಿದರು.

ನಾನು ಬಾಗಿಲು ಹಾಕಿದೆ. ಕಾರು ರಸ್ತೆಗಿಳಿದಾಗ ನೋಡಿದರೆ ಸೂಪರ್‌ವೈಸರ್ ಎರಡೂ ಕೈಯಲ್ಲಿ ಆ ಬೆಲ್ಟನ್ನು ಹಿಡಿದುಕೊಂಡು, ಕಣ್ಣು ಅಗಲಿಸಿ ಮುಂದಿನ ರಸ್ತೆಯನ್ನೇ ನೋಡುತ್ತಿದ್ದರು.